ಬಟನ್ ಕಿತ್ತರೂ ಬಟ್ಟೆ ಹರಿಯಬಾರದು: ಕೆಲಸದ ಉಡುಪಿನಲ್ಲಿ ಬಟನ್ ಜಾಗ ಗಟ್ಟಿ ಮಾಡುವ ಕ್ರಮ

ಅಂಗಿ, ಪ್ಯಾಂಟು ಒಂದಾಗಿರುವ ಬಾಯ್ಲರ್ ಸೂಟಿನ ಸೊಂಟದ ಬಟನ್ ಬಿದ್ದುಹೋದರೆ ಐದು ನಿಮಿಷದ ಕೆಲಸ, ಹೊಸದೊಂದು ಹಾಕಿದರೆ ಮುಗಿಯಿತು. ಅದೇ ಬಟನ್ ಹೋಗುವಾಗ ಕಾಸಗಲ ಬಟ್ಟೆಯನ್ನೂ ಕಿತ್ತುಕೊಂಡು ಹೋದರೆ ಇಡೀ ಸೂಟು ಮೂಲೆಗೆ ಬೀಳುತ್ತದೆ. ಪಣಂಬೂರಿನ ಬಂದರು, ಬೈಕಂಪಾಡಿಯ ಕಾರ್ಖಾನೆಗಳು, ಮಲ್ಪೆಯಲ್ಲಿ ಬೋಟ್ ರಿಪೇರಿ ಮಾಡುವವರು, ಊರೂರಿನ ಗ್ಯಾರೇಜುಗಳು, ಇವರಿಗೆಲ್ಲ ಯೂನಿಫಾರ್ಮ್ ಹೊಲಿದುಕೊಡುವ ಸಣ್ಣ ಘಟಕಗಳು ಮಂಗಳೂರು, ಉಡುಪಿ ಎರಡೂ ಕಡೆ ಉಂಟು. ಅಲ್ಲಿ ಬಟನ್ ಎಂದರೆ ಇಸ್ತ್ರಿಗೆ ಮುಂಚಿನ ಕೊನೆಯ ಕೆಲಸ. ದೂರು ಬಂದಾಗ ಬೈಗುಳ ತಿನ್ನುವುದೂ ಬಟನ್ ಹಾಕಿದವರೇ. ಆದರೆ ಬಟನ್ ನಿಲ್ಲುತ್ತದೋ ಇಲ್ಲವೋ ಎಂಬುದು ಮುಕ್ಕಾಲುಪಾಲು ಕಟಿಂಗ್ ಟೇಬಲ್ಲಿನ ಮೇಲೆಯೇ ತೀರ್ಮಾನ ಆಗಿರುತ್ತದೆ.

ನನ್ನ ಲೆಕ್ಕ ಇಷ್ಟೇ: ಎಳೆತ ಮಿತಿ ಮೀರಿದಾಗ ಯಾವುದಾದರೂ ಒಂದು ಸೋಲಲೇಬೇಕು. ಯಾವುದು ಮೊದಲು ಸೋಲಬೇಕು ಎಂದು ನಾವೇ ಗೊತ್ತು ಮಾಡಿಡಬೇಕು. ಮೊದಲು ನೂಲು, ಆಮೇಲೆ ಬಟನ್, ಬಟ್ಟೆ ಕಟ್ಟಕಡೆಗೆ. ನೂಲು ದಪ್ಪ ಮಾಡಿದರೆ ಬಟನ್ ಗಟ್ಟಿಯಾಯಿತು ಎಂದುಕೊಳ್ಳುವವರು ಈ ಸಾಲನ್ನು ತಿರುವುಮುರುವು ಮಾಡುತ್ತಾರೆ. ನೂಲು ಕಬ್ಬಿಣದಂತೆ ನಿಂತು ಬಟ್ಟೆ ಹರಿಯುತ್ತದೆ.

ಮೊದಲು ಕಿತ್ತ ಜಾಗ ನೋಡಿ

ಹೊಸ ಆರ್ಡರಿಗೆ ಮುಂಚೆ ಅದೇ ಗಿರಾಕಿಯ ಹಳೆಯ ಉಡುಪು ನಾಲ್ಕಾರು ಕೇಳಿ ತರಿಸಿಕೊಳ್ಳಿ. ಒಳಮೈ ತಿರುಗಿಸಿ ಬಟನ್ ಇದ್ದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಬಟ್ಟೆ ಸರಿಯಾಗಿದ್ದು ನಾಲ್ಕು ಸಣ್ಣ ತೂತು ಮಾತ್ರ ಕಂಡರೆ ಹೋದದ್ದು ನೂಲು. ತೂತಿನ ಸುತ್ತ ಎಳೆ ಸರಿದು ಕಿಟಕಿಯಂತೆ ಬಾಯಿ ಬಿಟ್ಟಿದ್ದರೆ ಬಟ್ಟೆಯ ಹಿಂಬದಿಗೆ ಆಸರೆ ಇರಲಿಲ್ಲ. ಅಂಚು ಕತ್ತರಿಸಿದಷ್ಟು ನಯವಾಗಿದ್ದರೆ ಮೊಂಡು ಸೂಜಿಯೋ ವಿಪರೀತ ಹೊಲಿಗೆಯೋ ಎಳೆಗಳನ್ನೇ ಕಡಿದಿದೆ. ಟಿಚ್ ಬಟನ್ ಆಗಿದ್ದರೆ ದುಂಡಗೆ ಬಿಲ್ಲೆ ಹೊಡೆದಂತೆ ಬಟ್ಟೆ ಉದುರಿರುತ್ತದೆ. ಅದರ ಸುತ್ತ ಹಸಿರು ಅಥವಾ ಕಂದು ಕಲೆ ಕಂಡರೆ ಲೋಹ ಬೆವರು ಮತ್ತು ಉಪ್ಪುಗಾಳಿಗೆ ಕಿಲುಬು ಹಿಡಿದಿದೆ ಎಂದೇ ಅರ್ಥ.

ಕಾಜವನ್ನೂ ನೋಡಲು ಮರೆಯಬೇಡಿ. ಕಾಜ ಬಿಗಿಯಾಗಿದ್ದರೆ ಕೆಲಸದವನು ದಿನಕ್ಕೆ ಹತ್ತು ಸಲ ಬಟನ್ನನ್ನು ಜಗ್ಗಿ ಬಿಚ್ಚುತ್ತಾನೆ. ಆ ಜಗ್ಗಾಟಕ್ಕೆ ಬಟನ್ ಬಿದ್ದರೆ ನೂಲು ಬದಲಿಸುವುದು ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದ ಹಾಗೆ. ಕಾಜದ ಉದ್ದ ಬಟನ್ನಿನ ಅಗಲ ಮತ್ತು ದಪ್ಪ ಎರಡನ್ನೂ ಕೂಡಿಸಿದಷ್ಟು ಇರಬೇಕು, ದಪ್ಪ ಡ್ರಿಲ್ ಬಟ್ಟೆಗೆ ಇನ್ನೊಂದು ಮಿಲಿಮೀಟರ್ ಹೆಚ್ಚು. 15 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಬಟನ್ನಿಗೆ 18ರಿಂದ 19 ಮಿಲಿಮೀಟರ್ ಕಾಜ. ಸೊಂಟದಲ್ಲಿ ಎಳೆತ ಅಡ್ಡಕ್ಕೆ ಬೀಳುವುದರಿಂದ ಕಾಜವೂ ಅಡ್ಡಕ್ಕೇ ಇರಲಿ, ತುದಿಯಲ್ಲಿ ಬಾರ್‌ಟ್ಯಾಕ್, ಅಂದರೆ ಒತ್ತಾದ ಅಡ್ಡ ಹೊಲಿಗೆ, ಇರಲಿ.

ಯಾರು ಹಾಕುವ ಬಟ್ಟೆ?

ಬಟನ್ ಯಾವ ಬಗೆಯದು ಎಂಬುದನ್ನು ಗಿರಾಕಿಯ ಕೆಲಸ ಹೇಳಬೇಕು, ನಮ್ಮಲ್ಲಿ ಉಳಿದಿರುವ ಸ್ಟಾಕ್ ಅಲ್ಲ.

ಮೀನು ಸಂಸ್ಕರಣಾ ಘಟಕದ ಕೋಟುಗಳಿಗೆ ಹೊಲಿದ ಬಟನ್ನೇ ಬೇಡ. ಕಳಚಿದ ಬಟನ್ ಆಹಾರಕ್ಕೆ ಬಿದ್ದೀತು ಎಂಬ ಭಯಕ್ಕೆ ಆಡಿಟ್‌ನವರು ಅದನ್ನು ಒಪ್ಪುವುದಿಲ್ಲ, ಸೊಂಟದಿಂದ ಮೇಲೆ ಹೊರಜೇಬನ್ನೂ ಒಪ್ಪುವುದಿಲ್ಲ. ಅಲ್ಲಿ ಟಿಚ್ ಬಟನ್ ಹಾಕಿ. ತಿರುಗುವ ಯಂತ್ರದ ಎದುರು ನಿಲ್ಲುವವರಿಗೂ ಟಿಚ್ ಬಟನ್ನೇ ಮೇಲು. ಬಟ್ಟೆ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಒಂದೇ ಎಳೆತಕ್ಕೆ ಸಾಲಾಗಿ ಬಿಚ್ಚಿಕೊಳ್ಳುತ್ತದೆ. ಇಂಥ ಕಡೆ ಟಿಚ್ ಬಟನ್ ಬಿಚ್ಚದ ಹಾಗೆ ಬಿಗಿ ಮಾಡುವುದು ಅಪಾಯವನ್ನು ಹೊಲಿದು ಕೊಟ್ಟ ಹಾಗೆಯೇ. ಬಟ್ಟೆಗೆ ಕೂತ ಬದಿ ಗಟ್ಟಿ ಇರಬೇಕು, ಬಿಚ್ಚುವ ಬದಿ ಹದವಾಗಿರಬೇಕು.

ವೆಲ್ಡಿಂಗ್‌ನವರ ವಿಷಯ ಬೇರೆ. ಸಾಮಾನ್ಯ ಪಾಲಿಯೆಸ್ಟರ್ ನೂಲು 255ರಿಂದ 260 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕರಗುತ್ತದೆ. ಬಟ್ಟೆ ಬೆಂಕಿ ತಡೆಯುವಂಥದ್ದಾದರೂ ಬಟನ್ ನೂಲು ಕರಗಿದರೆ ಎದೆ ತೆರೆದುಕೊಳ್ಳುತ್ತದೆ. ಅದಕ್ಕೆ ಬಿಸಿ ತಾಳುವ ಅರಾಮಿಡ್ ನಾರಿನ ನೂಲೇ ಬೇಕು, ಅದು ಕರಗುವುದಿಲ್ಲ. ಹೊರಗಿನಿಂದ ಒಳಕ್ಕೆ ತೂರಿಬಂದ ಲೋಹ ಮೈಗೆ ತಾಗುವಂತೆ ಇರಕೂಡದು ಎಂದು ಬೆಂಕಿ, ಬಿಸಿ ತಡೆಯುವ ಉಡುಪಿನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 11612 ಕೂಡ ಹೇಳುತ್ತದೆ. ಹಾಗಾಗಿ ಟಿಚ್ ಬಟನ್ನಿನ ಹಿಂಬದಿಯನ್ನು ಒಳಪಟ್ಟಿಯಿಂದ ಮುಚ್ಚಲೇಬೇಕು.

ಉಳಿದಂತೆ ಗ್ಯಾರೇಜು, ಗೋದಾಮು, ಸೆಕ್ಯೂರಿಟಿ, ಡ್ರೈವರ್, ಇವಕ್ಕೆಲ್ಲ ನಾಲ್ಕು ತೂತಿನ ಬಟನ್ ಸಾಕು.

ಹಿಂದಿನ ಆಸರೆ

ಲೇಖನದ ಮುಖ್ಯ ಭಾಗ ಇದು. ಬಟನ್ನಿನ ತೂತುಗಳ ಸುತ್ತ ಹಿಡಿದುಕೊಳ್ಳುವುದು ಹಾಸು-ಹೊಕ್ಕಿನ ಕೆಲವೇ ಎಳೆಗಳು. ಬಟ್ಟೆ 250 ಜಿಎಸ್‌ಎಂ (ಚದರ ಮೀಟರಿಗೆ 250 ಗ್ರಾಂ ತೂಕದ) ಡ್ರಿಲ್ ಇರಲಿ, ಇನ್ನೂ ದಪ್ಪ ಇರಲಿ, ಎಳೆತವೆಲ್ಲ ಆ ಕೆಲವೇ ಎಳೆಗಳ ಮೇಲೆ ಬೀಳುತ್ತದೆ. ಆಸರೆ ಕೊಡುವುದೆಂದರೆ ಈ ಭಾರವನ್ನು ಇನ್ನಷ್ಟು ಎಳೆಗಳಿಗೆ ಹಂಚುವುದು. ಖಾಕಿಯ ಮಟ್ಟಿಗೆ ನಮ್ಮ ಊರು ಹೊಸದಲ್ಲ, ಬಾಸೆಲ್ ಮಿಶನ್‌ನ ಮಂಗಳೂರಿನ ನೇಯ್ಗೆ ಕಾರ್ಖಾನೆಯಲ್ಲಿ 19ನೇ ಶತಮಾನದಲ್ಲೇ ಖಾಕಿ ಬಟ್ಟೆ ತಯಾರಾಗುತ್ತಿತ್ತು. ಆದರೆ ಎಷ್ಟು ಒಳ್ಳೆಯ ಖಾಕಿಯಾದರೂ ಒಂಟಿ ಪದರದಲ್ಲಿ ಬಟನ್ ಹೊರಲಾರದು.

ಮುಂಭಾಗದ ಪಟ್ಟಿಗೆ ನಾನು ಹೇಳುವುದು ಟೇಪು. 20 ಮಿಲಿಮೀಟರ್ ಅಗಲದ ಟ್ವಿಲ್ ಟೇಪನ್ನು (ಓರೆ ಗೆರೆಯ ನೇಯ್ಗೆಯ ಗಟ್ಟಿ ಬಟ್ಟೆಪಟ್ಟಿ) ಕತ್ತಿನಿಂದ ಕೆಳಗಿನವರೆಗೆ ಒಂದೇ ಉದ್ದಕ್ಕೆ ಪಟ್ಟಿಯ ಒಳಗೆ ಇಟ್ಟು, ಪಟ್ಟಿಯ ಅಂಚಿನ ಹೊಲಿಗೆಯಲ್ಲೇ ಹಿಡಿದುಬಿಡಿ. ಮೇಲ್ಬಟ್ಟೆ, ನಡುವೆ ಟೇಪು, ಒಳಮಡಿಕೆ, ಹೀಗೆ ಮೂರು ಪದರ ಸಿಗುತ್ತದೆ. ಪ್ರತಿ ಬಟನ್ನಿಗೂ ಚೌಕದ ತುಂಡು ಕತ್ತರಿಸಿ ಇಡುವ ಕ್ರಮವೂ ಉಂಟು, ಬಟ್ಟೆ ಸ್ವಲ್ಪ ಉಳಿಯುತ್ತದೆ. ಆದರೆ ತುಂಡು ಜಾರುತ್ತದೆ, ಬಟನ್ ಬೀಳುವ ಹೊತ್ತಿಗೆ ಅದು ಅರ್ಧ ಇಂಚು ಆಚೆ ಇರುತ್ತದೆ, ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಉದ್ದದ ಟೇಪಿನಲ್ಲಿ ಈ ರಗಳೆ ಇಲ್ಲ. ಬಟನ್ ಎಲ್ಲಿ ಬಿದ್ದರೂ ಅದರ ಅಡಿಯಲ್ಲಿ ಟೇಪು ಇದ್ದೇ ಇರುತ್ತದೆ.

ಟೇಪು ಹತ್ತಿಯದಾದರೆ ಹೊಲಿಯುವ ಮುಂಚೆ ಬಿಸಿನೀರಿನಲ್ಲಿ ನೆನೆಸಿ ಒಣಗಿಸಲೇಬೇಕು. ನೆನೆಸದ ಟೇಪು ನೂರಕ್ಕೆ ಐದು ಕುಗ್ಗಿತು ಎನ್ನಿ, 70 ಸೆಂಟಿಮೀಟರ್ ಪಟ್ಟಿಯಲ್ಲಿ ಮೂರೂವರೆ ಸೆಂಟಿಮೀಟರ್ ಹೋಯಿತು. ಮೊದಲ ಒಗೆತಕ್ಕೇ ಎದೆಯ ಮೇಲೆ ನೆರಿಗೆ ಎದ್ದು ನಿಲ್ಲುತ್ತದೆ, ಗಿರಾಕಿ ಗಂಟು ವಾಪಸ್ ತಂದಿಡುತ್ತಾನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಟೇಪು ಒಣಗಿಸುವುದೇ ದೊಡ್ಡ ಕೆಲಸ, ಆದ್ದರಿಂದ ಮೇ ತಿಂಗಳಲ್ಲೇ ಮಳೆಗಾಲಕ್ಕೆ ಬೇಕಾದಷ್ಟು ನೆನೆಸಿ, ಒಣಗಿಸಿ ಸುತ್ತಿಡಿ. ಪಾಲಿಯೆಸ್ಟರ್ ಟೇಪು ಹೀಗೆ ಕುಗ್ಗುವುದಿಲ್ಲ, ಒದ್ದೆಯಿದ್ದರೂ ಕೊಳೆಯುವುದಿಲ್ಲ. ಬೆಂಕಿಯ ಕೆಲಸದ ಉಡುಪು ಬಿಟ್ಟು ಬೇರೆಲ್ಲಕ್ಕೂ ಅದೇ ವಾಸಿ.

ಜೇಬಿನ ಮುಚ್ಚಳದ ಬಟನ್, ತೋಳಿನ ಬಿಗಿಪಟ್ಟಿ, ಸೊಂಟದ ಬದಿಯ ಬಟನ್ ಇಂಥಲ್ಲಿ ಟೇಪು ಓಡಿಸಲು ಆಗುವುದಿಲ್ಲ, ತುಂಡೇ ಗತಿ. ಅದೇ ಬಟ್ಟೆಯ 30 ಮಿಲಿಮೀಟರ್ ಚೌಕ ಕತ್ತರಿಸಿ. ತುಂಡಿನ ಹಾಸು ಉಡುಪಿನ ಹಾಸಿನ ದಿಕ್ಕಿಗೇ ಇರಲಿ, ಆಗ ಎರಡೂ ಒಟ್ಟಿಗೆ ಕುಗ್ಗುತ್ತವೆ. ಓರೆಗೆ ಕತ್ತರಿಸಿದ ಚೂರು ಜಗ್ಗುತ್ತದೆ, ಅದರಿಂದ ಆಸರೆ ಸಿಗದು. ಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಿ, ಚೂಪು ಮೂಲೆಯಿಂದಲೇ ಹರಿಯುವುದು ಶುರುವಾಗುತ್ತದೆ. ಎದೆ ಜೇಬಿನ ಬಟನ್ನಿಗೆ ತುಂಡನ್ನು ಜೇಬು ಕೂರಿಸುವ ಮುಂಚೆಯೇ ಇಡಬೇಕು. ಆಮೇಲೆ ನೆನಪಾದರೆ ಜೇಬು ಬಿಚ್ಚುವುದೊಂದೇ ದಾರಿ. ಕಟಿಂಗ್ ಚೀಟಿಯಲ್ಲಿ ಈ ತುಂಡುಗಳನ್ನೂ ಒಂದು ಐಟಂ ಎಂದು ಬರೆದು ಎಣಿಸಿ ಕೊಟ್ಟರೆ ಹೊಲಿಯುವವರು ಮರೆಯುವುದಿಲ್ಲ. ಕೊನೆಗೆ ತುಂಡು ಉಳಿದರೆ ಎಲ್ಲೋ ಒಂದು ಕಡೆ ಬಿಟ್ಟುಹೋಗಿದೆ ಎಂದು ತಿಳಿಯುತ್ತದೆ.

ಅಂಟಿಸುವ ಕ್ಯಾನ್ವಾಸ್ ಬಗ್ಗೆ ಎರಡು ಮಾತು. ಪಟ್ಟಿ ಚಂದ ನಿಲ್ಲಲು ಅದು ಒಳ್ಳೆಯದು, ಎಳೆತಕ್ಕೆ ಅದನ್ನೊಂದನ್ನೇ ನಂಬಬೇಡಿ. ಬಿಸಿನೀರಿನ ಲಾಂಡ್ರಿಗೆ ಹೋಗುವ ಉಡುಪಿನಲ್ಲಿ ಅಂಟು ಬಿಟ್ಟು ಗುಳ್ಳೆ ಏಳುತ್ತದೆ. ಹಾಕಲೇಬೇಕು ಎಂದಾದರೆ ಬಿಸಿ ಒಗೆತ ತಾಳುವ ಅಂಟಿನದನ್ನೇ ಕೇಳಿ ತನ್ನಿ, ಅದರ ಜೊತೆಗೆ ಟೇಪೂ ಇರಲಿ.

ಎಲ್ಲ ಬಟನ್ನೂ ಒಂದೇ ಅಲ್ಲ

ಕೂತಾಗ, ಬಗ್ಗಿದಾಗ ಹೆಚ್ಚು ಎಳೆತ ಬೀಳುವುದು ಸೊಂಟದ ಬಟನ್ನಿಗೆ. ಆಮೇಲೆ ಎದೆಯ ಅಗಲದ ಜಾಗ, ಆಮೇಲೆ ತೊಡೆಸಂದಿನ ಮೇಲಿನದು. ಬಾಯ್ಲರ್ ಸೂಟಿನಲ್ಲಿ ಮೈಯೂ ಕಾಲೂ ಒಂದೇ ಆದ್ದರಿಂದ ಕುಕ್ಕರಗಾಲಲ್ಲಿ ಕೂತಾಗ ಬೆನ್ನಿನಿಂದ ಬರುವ ಎಳೆತವೂ ಸೊಂಟಕ್ಕೇ ಬೀಳುತ್ತದೆ. ಅಳತೆ ಕಿರಿದಾದರೆ ಯಾವ ಆಸರೆಯೂ ಉಳಿಸುವುದಿಲ್ಲ. ಹೊಲಿಯುವ ಮುಂಚೆ ಗಿರಾಕಿಯ ಕಡೆಯ ಒಬ್ಬರಿಗೆ ಮಾದರಿ ಹಾಕಿಸಿ, ಕುಕ್ಕರಿಸಿ ಕೂರಿಸಿ ನೋಡಿ.

ಸೊಂಟದ ಒಂದು ಅಥವಾ ಎರಡು ಬಟನ್ನಿಗೆ ಮಾತ್ರ ಹಿಂದೆ ಇನ್ನೊಂದು ಚಪ್ಪಟೆ ಬಟನ್ ಇಟ್ಟು ಒಟ್ಟಿಗೆ ಹೊಲಿಯಿರಿ. 10ರಿಂದ 11 ಮಿಲಿಮೀಟರ್ ಅಗಲ ಸಾಕು, ತೂತಿನ ಅಂತರ ಮೇಲಿನದಕ್ಕೆ ಹೊಂದಬೇಕು. ನೂಲಿನ ಎಳೆತ ಆಗ ಬಟ್ಟೆಗೆ ನೇರ ತಾಗುವುದಿಲ್ಲ, ಹಿಂದಿನ ಬಟನ್ನಿಗೆ ತಾಗುತ್ತದೆ. ಎಲ್ಲ ಬಟನ್ನಿಗೂ ಹೀಗೆ ಮಾಡಿದರೆ ಕೆಲಸವೂ ನಿಧಾನ, ಹಾಕಿಕೊಂಡವರ ಹೊಟ್ಟೆಗೂ ಚುಚ್ಚುತ್ತದೆ.

ಹೊಲಿಯುವಾಗ

ನೂಲಿನ ಟಿಕೆಟ್ ನಂಬರ್ ದೊಡ್ಡದಾದಷ್ಟೂ ನೂಲು ತೆಳ್ಳಗೆ. ಶರ್ಟಿಗೆ 120 ಇದ್ದರೆ ಕೆಲಸದ ಉಡುಪಿನ ಬಟನ್ನಿಗೆ 75, ದಪ್ಪ ಜಾಕೆಟ್ಟಿಗೆ 50. ಹತ್ತಿ ನೂಲು ಬೇಡ, ನಮ್ಮ ಹವೆಯಲ್ಲಿ ಬೆವರು, ತೇವ ಸೇರಿ ಬೇಗ ಲಡ್ಡಾಗುತ್ತದೆ. ಸೂಜಿ 16 ಅಥವಾ 18ನೇ ನಂಬರ್, ಮೊನೆ ಮೊಂಡಾಗಿಲ್ಲ ಎಂದು ಉಗುರಿನ ಮೇಲೆ ಎಳೆದು ನೋಡಿ. ಗೀರು ಬಿದ್ದರೆ ಸೂಜಿ ಬದಲಿಸಿ.

ಬಟನ್ ಯಂತ್ರದಲ್ಲಿ ಎರಡು ಜಾತಿ. ಒಂದೇ ನೂಲಿನ ಸರಪಳಿ ಹೊಲಿಗೆಯದು ಒಂದು, ಮೇಲೆ ಕೆಳಗೆ ಎರಡು ನೂಲು ಕೊಂಡಿ ಹಾಕಿಕೊಳ್ಳುವ ಲಾಕ್‌ಸ್ಟಿಚ್ ಇನ್ನೊಂದು. ಸರಪಳಿ ಹೊಲಿಗೆ ಬೇಗ ಆಗುತ್ತದೆ, ಆದರೆ ಹಿಂದಿನ ಬಾಲ ಸಿಕ್ಕಿ ಎಳೆದರೆ ಸರ್ರನೆ ಪೂರ್ತಿ ಬಿಚ್ಚಿ ಬರುತ್ತದೆ. ಕೆಲಸದ ಉಡುಪಿಗೆ ಲಾಕ್‌ಸ್ಟಿಚ್ ಇರುವಲ್ಲೇ ಹೊಲಿಸಿ. ಸಿಗಲಿಲ್ಲವಾದರೆ ಗಂಟು ಹಾಕುವ ಸೌಲಭ್ಯ ಇರುವ ಸರಪಳಿ ಯಂತ್ರವಾದರೂ ಬೇಕು. ಅದೂ ಇಲ್ಲದಿದ್ದರೆ ಕೊನೆಗೆ ಕೈಯಲ್ಲಿ ಗಂಟು ಹಾಕಿಸಿ.

ಸಣ್ಣ ಘಟಕದವರು ಕಾಜ-ಬಟನ್ ಕೆಲಸವನ್ನು ಹೊರಗಿನ ಅಂಗಡಿಗೆ ಕೊಡುವುದು ಮಾಮೂಲು. ಅಲ್ಲಿ ಯಂತ್ರದ ಮೇಲೆ ದಿನವಿಡೀ ಇರುವುದು ಶರ್ಟಿನ ತೆಳು ನೂಲು. ಹಾಗಾಗಿ ನಿಮ್ಮ ನೂಲಿನ ಕೋನ್ ನೀವೇ ಕೊಟ್ಟು, "ಅಣ್ಣ, ಇದೇ ನೂಲು ಹಾಕಿ ಆಯ್ತಾ, ಬಟನ್ ಒಂಚೂರು ಎತ್ತರಕ್ಕೆ ಇರ್ಲಿ" ಎಂದು ಹೇಳಿ ಬನ್ನಿ. "ಇದು ದಪ್ಪ ಉಂಟು ಮಾರಾಯ್ರೆ, ಸೂಜಿ ಬದಲು ಮಾಡ್ಬೇಕು" ಎಂದು ಗೊಣಗಿದರೆ ಒಳ್ಳೆಯದೇ. ಬದಲಿಸಬೇಕು ಎಂದು ಗೊತ್ತಿರುವವರ ಕೈಗೆ ಬಿದ್ದಿದೆ ಎಂದಾಯಿತು.

ಎತ್ತರ ಎಂದದ್ದು ಬಟನ್ನಿಗೂ ಬಟ್ಟೆಗೂ ನಡುವಿನ ನೂಲಿನ ಕತ್ತು. ಕಾಜದ ಬದಿಯ ಪದರಗಳು ಒಟ್ಟು ಎಷ್ಟು ದಪ್ಪವೋ ಅಷ್ಟು ಎತ್ತರ ಈ ಕತ್ತಿಗೆ ಬೇಕು, ಡ್ರಿಲ್ ಪಟ್ಟಿಗೆ ಸಾಧಾರಣವಾಗಿ 2ರಿಂದ 3 ಮಿಲಿಮೀಟರ್. ಬಟ್ಟೆಗೆ ಅಂಟಿಕೊಂಡ ಬಟನ್ ಕಾಜ ಹಾಕಿದ ಕೂಡಲೇ ಬಟ್ಟೆಯನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತದೆ, ಯಾರೂ ಬಗ್ಗದಿದ್ದರೂ. ಕೈಯಲ್ಲಿ ಹೊಲಿಯುವಾಗ ಬಟನ್ನಿನ ಮೇಲೆ ಬೆಂಕಿಕಡ್ಡಿ ಇಟ್ಟು ಹೊಲಿದು, ಕಡ್ಡಿ ತೆಗೆದು, ಕತ್ತಿಗೆ ನೂಲನ್ನು ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ ಗಂಟು ಹಾಕಿ.

ನಾಲ್ಕು ತೂತನ್ನು ಗುಣಾಕಾರದ ಚಿಹ್ನೆಯಂತೆ ಹೊಲಿಯುವುದು ನೋಡಲು ಚಂದ. ಆದರೆ ನಡುವೆ ನೂಲು ಎದ್ದು ನಿಂತು ಟೂಲ್‌ಬಾಕ್ಸಿಗೆ, ಬೋನೆಟ್ಟಿನ ಅಂಚಿಗೆ ಉಜ್ಜಿ ಸವೆಯುತ್ತದೆ. ಎರಡು ಸಮಾನಾಂತರ ಗೆರೆಯಂತೆ ಹೊಲಿದರೆ ನೂಲು ತಗ್ಗಿನಲ್ಲಿ ಕೂರುತ್ತದೆ. ಹೊಲಿಗೆ ಎಷ್ಟು? ತೂತಿನ ಜೋಡಿಯೊಂದಕ್ಕೆ ಎಂಟರಿಂದ ಹತ್ತು. ಅದಕ್ಕಿಂತ ಹೆಚ್ಚಿಸಿದರೆ ಸೂಜಿ ಅದೇ ಎಳೆಗಳನ್ನು ಮತ್ತೆ ಮತ್ತೆ ಚುಚ್ಚಿ ಬಟ್ಟೆಯನ್ನು ಜರಡಿ ಮಾಡುತ್ತದೆ.

ಟಿಚ್ ಬಟನ್ ಕೂರಿಸುವುದು

ಇದರಲ್ಲಿ ನೂಲಿಲ್ಲ, ಆದ್ದರಿಂದ ತಪ್ಪಿದರೆ ಸೋಲುವುದು ನೇರ ಬಟ್ಟೆಯೇ. ಹಲ್ಲಿನ ಉಂಗುರ ಇರುವ ಜಾತಿ ಬಟ್ಟೆಯನ್ನು ಹಲವು ಕಡೆ ಕಚ್ಚಿ ಹಿಡಿಯುತ್ತದೆ, ತೆಳು ಕೋಟಿಗೆ ಅದು ಸರಿ. ನಡುವೆ ಒಂದೇ ಕಡ್ಡಿ ಇರುವ ಜಾತಿ ದಪ್ಪ ಬಟ್ಟೆಗೆ. ಈ ಕಡ್ಡಿಯ ಉದ್ದ ಬಟ್ಟೆಯ ಒಟ್ಟು ದಪ್ಪಕ್ಕೆ ಹೊಂದಬೇಕು. ಉದ್ದ ಹೆಚ್ಚಾದರೆ ಒತ್ತುವಾಗ ಕಡ್ಡಿ ಪಕ್ಕಕ್ಕೆ ಮಡಚಿಕೊಂಡು ಬಟನ್ ಗಿರಗಿರ ತಿರುಗುತ್ತದೆ, ಕಡಿಮೆಯಾದರೆ ತುದಿ ಅರಳುವುದೇ ಇಲ್ಲ.

ಕೂರಿಸಿದ ಮೇಲೆ ಬೆರಳಲ್ಲಿ ತಿರುಗಿಸಿ ನೋಡಿ. ತಿರುಗಿದರೆ ಸಡಿಲ. ತಿರುಗದೆ, ಸುತ್ತಲಿನ ಬಟ್ಟೆ ಬಿಳಿಚಿಕೊಂಡು ಕತ್ತರಿಸಿದ ಗೆರೆ ಕಂಡರೆ ಪ್ರೆಸ್ ಹೆಚ್ಚಾಯಿತು. ತೂತನ್ನು ಮುಂಚೆಯೇ ಪಂಚ್ ಮಾಡುವವರು ಕಡ್ಡಿಗಿಂತ ಸಣ್ಣ ಪಂಚ್ ಬಳಸಬೇಕು, ದೊಡ್ಡ ತೂತಿನಲ್ಲಿ ಬಟನ್ ಕೂತ ದಿನವೇ ಹೊರಡಲು ಸಿದ್ಧವಾಗಿರುತ್ತದೆ. ಇನ್ನೊಂದು ಸಾಮಾನ್ಯ ತಪ್ಪು, ಅರ್ಧ ಹೊಲಿಗೆಯ ಮೇಲೆ, ಅರ್ಧ ಬರಿ ಬಟ್ಟೆಯ ಮೇಲೆ ಕೂರಿಸುವುದು. ಒಂದು ಬದಿ ನಾಲ್ಕು ಪದರ, ಇನ್ನೊಂದು ಬದಿ ಎರಡು ಪದರ ಇದ್ದರೆ ತೆಳು ಬದಿಯನ್ನು ಅದು ಹಿಡಿಯುವುದೇ ಇಲ್ಲ. ಜಾಗ ಬದಲಿಸಿ, ಇಲ್ಲವೇ ತುಂಡಿಟ್ಟು ದಪ್ಪ ಸಮ ಮಾಡಿ. ತೆಳು ಬಟ್ಟೆಗೆ ಹಿಂದೆ ಪ್ಲಾಸ್ಟಿಕ್ ವಾಷರ್ ಇಟ್ಟರೂ ಆದೀತು.

ಲೋಹ ಯಾವುದೆಂದು ಕೇಳಿ ತೆಗೆದುಕೊಳ್ಳಿ. ಮೇಲೆ ಹಿತ್ತಾಳೆ, ಒಳಗೆ ಕಬ್ಬಿಣ ಇದ್ದರೆ ಉಪ್ಪುನೀರು ತಾಗಿದಾಗ ಎರಡು ಲೋಹಗಳ ನಡುವೆ ವಿದ್ಯುತ್ ಹರಿದು ಕಬ್ಬಿಣ ಬೇಗ ತಿನ್ನಿಸಿಕೊಳ್ಳುತ್ತದೆ. ಸಮುದ್ರದ ಬದಿಯಲ್ಲಿ ಪೂರ್ತಿ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ. ಹಿತ್ತಾಳೆ ಎಂದು ಕೊಟ್ಟದ್ದಕ್ಕೆ ಅಯಸ್ಕಾಂತ ಹಿಡಿದು ನೋಡಿ, ಅಂಟಿಕೊಂಡರೆ ಒಳಗೆ ಕಬ್ಬಿಣ ಉಂಟು ಎಂದು ಅಂಗಡಿಯಲ್ಲೇ ಗೊತ್ತಾಗುತ್ತದೆ.

ಎಳೆದು ನೋಡುವುದು

ದೊಡ್ಡ ಯಂತ್ರ ಬೇಡ. ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ, ನಡುವೆ ತೂತು ಕೊರೆದ ಎರಡು ಪ್ಲೈವುಡ್ ಹಲಗೆ, ಎರಡು ಸಿ-ಕ್ಲಾಂಪ್ ಸಾಕು. ಬಟ್ಟೆಯನ್ನು ಹಲಗೆಗಳ ನಡುವೆ ಬಿಗಿದು, ಬಟನ್ ತೂತಿನಿಂದ ಹೊರಬರುವಂತೆ ಮಾಡಿ, ಅದರ ಕುತ್ತಿಗೆಗೆ ತಂತಿಯ ಕುಣಿಕೆ ಹಾಕಿ ನೇರ ಮೇಲಕ್ಕೆ ಎಳೆಯಿರಿ. ಮಕ್ಕಳ ಉಡುಪಿನ ಬಟನ್ನಿಗೆ ಬಳಕೆಯಲ್ಲಿರುವ ಅಳತೆ 90 ನ್ಯೂಟನ್, ಅಂದರೆ ತಕ್ಕಡಿಯಲ್ಲಿ 9.2 ಕಿಲೋ, 10 ಸೆಕೆಂಡ್ ಹಿಡಿದಿಡಬೇಕು. ಕೆಲಸದ ಉಡುಪು ಅದಕ್ಕಿಂತ ಕೆಳಗೆ ಇಳಿಯಕೂಡದು. ಸೊಂಟದ್ದು 12 ಕಿಲೋವರೆಗೂ ತಾಳಲಿ ಎನ್ನುತ್ತೇನೆ ನಾನು.

ಅಲ್ಲಿಗೇ ನಿಲ್ಲಿಸಬೇಡಿ, ಏನಾದರೊಂದು ಸೋಲುವವರೆಗೆ ಎಳೆದು ಯಾವುದು ಸೋತಿತು ಎಂದು ಬರೆದಿಡಿ. 15 ಕಿಲೋಗೆ ನೂಲು ಕಡಿದರೆ ಪಾಸು. ಅದೇ 15 ಕಿಲೋಗೆ ಬಟ್ಟೆ ಹರಿದರೆ ನನ್ನ ಲೆಕ್ಕದಲ್ಲಿ ಫೇಲು. ಟೇಪು ಅಗಲ ಮಾಡಿ ಅಥವಾ ನೂಲನ್ನು ಒಂದು ನಂಬರ್ ತೆಳ್ಳಗೆ ಮಾಡಿ ಮತ್ತೆ ಎಳೆಯಿರಿ. ಹೊಸ ಬಟ್ಟೆಯ ಮೇಲಿನ ಪರೀಕ್ಷೆ ಅರ್ಧ ಸತ್ಯವಷ್ಟೇ. ಗಿರಾಕಿ ಒಗೆಯುವ ಹಾಗೆಯೇ ಹತ್ತಾರು ಸಲ ಒಗೆಸಿ. ಬೋಟು, ಬಂದರಿನವರ ಆರ್ಡರಾದರೆ ಲೀಟರ್ ನೀರಿಗೆ 35 ಗ್ರಾಂ ಉಪ್ಪು ಹಾಕಿ, ರಾತ್ರಿ ನೆನೆಸಿ ಹಗಲು ಒಣಗಿಸಿ, ಹೀಗೆ ಒಂದು ವಾರ ಮಾಡಿ ಮತ್ತೆ ಎಳೆದು ನೋಡಿ.

ಹರಿದದ್ದನ್ನು ಸರಿಮಾಡುವುದು

ಕಾಜದ ಎದುರೇ ಬರಬೇಕಾದ್ದರಿಂದ ಬಟನ್ನಿನ ಜಾಗ ಬದಲಿಸುವಂತಿಲ್ಲ. ಒಳಪಟ್ಟಿಯ ಹೊಲಿಗೆಯನ್ನು ಒಂದು ಗೇಣು ಬಿಚ್ಚಿ, ಹರಿದ ಜಾಗಕ್ಕಿಂತ ಎಲ್ಲ ಬದಿಗೂ 15 ಮಿಲಿಮೀಟರ್ ದೊಡ್ಡದಾದ ಡ್ರಿಲ್ ತುಂಡನ್ನು ಒಳಗೆ ತೂರಿಸಿ. ಬಿಟ್ಟುಕೊಂಡ ಎಳೆಗಳನ್ನು ಕತ್ತರಿಸದೆ ತುಂಡಿನ ಮೇಲೆ ಸಮನಾಗಿ ಹರಡಿ, ಹಿಂದೆ ಮುಂದೆ ಒತ್ತಾಗಿ ರಫು ಹೊಲಿಗೆ ಹಾಕಿ, ಆಮೇಲೆ ಪಟ್ಟಿ ಮುಚ್ಚಿ ಬಟನ್ ಹೊಲಿಯಿರಿ. ಟಿಚ್ ಬಟನ್ ಕಿತ್ತು ದೊಡ್ಡ ತೂತಾಗಿದ್ದರೆ ಅಲ್ಲಿಗೆ ಮತ್ತೆ ಟಿಚ್ ಬಟನ್ ಹಾಕುವುದು ದಂಡ. ಸಾಧ್ಯವಿರುವ ಕಡೆ ಹೊಲಿದ ಬಟನ್ನಿಗೆ ಬದಲಿಸಿ.

ಉಡುಪು ಕೊಡುವಾಗ ಒಳಗಿನ ಲೇಬಲ್ಲಿನ ಹಿಂದೆ ಒಂದು ಬಟನ್ ಹೊಲಿದು, ಅದರ ಕತ್ತಿಗೆ ಒಂದು ಗಜ ಅದೇ ನೂಲನ್ನು ಸುತ್ತಿ ಬಿಡಿ. ಬೆಂಕಿ ಕೆಲಸದ ಉಡುಪಿಗೆ ಇದನ್ನು ತಪ್ಪಿಸಲೇಬಾರದು. ಬಿದ್ದ ಬಟನ್ನನ್ನು ಮನೆಯಲ್ಲಿ ಕೈಗೆ ಸಿಕ್ಕಿದ ಪಾಲಿಯೆಸ್ಟರ್ ನೂಲಿನಲ್ಲಿ ಹೊಲಿದರೆ, ಹಾಕಿಕೊಂಡವನಿಗೆ ಅದು ಗೊತ್ತಾಗುವುದು ಕಿಡಿ ತಾಗಿದ ಮೇಲೆಯೇ.